ಮನೆ ಬಾಗಿಲಿಗೆ ಬರುವ ಕಾನೂನು ಓದಲು ಬರುವ ಭಾಷೆಯಲ್ಲಿರಲಿ: ಕಾಸರಗೋಡು, ಮಂಜೇಶ್ವರ ತಾಲೂಕುಗಳ ಪಂಚಾಯತ್ ಆಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ, ವಾರ್ಡು ಸದಸ್ಯರೇ, ಕಾರ್ಯದರ್ಶಿಗಳೇ,

2025ರ ಡಿಸೆಂಬರ್ 11ರಂದು ಕೇರಳದ ಸ್ಥಳೀಯಾಡಳಿತ ಚುನಾವಣೆಯಲ್ಲಿ ನಮ್ಮ ಕಾಸರಗೋಡು ಜಿಲ್ಲೆ ಮತ ಹಾಕಿತು. 13ರಂದು ಎಣಿಕೆಯಾಯಿತು, 21ರಂದು ಹೊಸ ಸದಸ್ಯರು ಪ್ರಮಾಣವಚನ ತೆಗೆದುಕೊಂಡರು. ಐದು ವರ್ಷದ ಹಿಂದೆ ಇದೇ ಕುರ್ಚಿಗಳಲ್ಲಿ ಕೂತವರ ಕೈಯಲ್ಲಿದ್ದ ಕಾನೂನು ಬೇರೆ, ಈಗ ನಿಮ್ಮ ಕೈಯಲ್ಲಿರುವುದು ಬೇರೆ. ಕಸದ ದಂಡ ಬದಲಾಗಿದೆ, ಜನನ ಪತ್ರದ ತೂಕ ಬದಲಾಗಿದೆ, ವಾರ್ಡುಗಳ ಗಡಿ ಬದಲಾಗಿದೆ, ಉದ್ಯೋಗ ಖಾತರಿಯ ಕಾಯ್ದೆಯ ಜಾಗಕ್ಕೆ ಹೊಸದೊಂದು ಬಂದಿದೆ, ಮಾಹಿತಿ ಹಕ್ಕಿನ ಒಂದು ಕಲಮು ತಿದ್ದುಪಡಿಯಾಗಿದೆ. ಇವು ಯಾವುವೂ ಜನರ ಮನೆಗೆ ಗೆಜೆಟ್ ರೂಪದಲ್ಲಿ ಬರುವುದಿಲ್ಲ. ನಿಮ್ಮ ಕಚೇರಿಯ ಮೊಹರು ಬಿದ್ದ ಒಂದು ಹಾಳೆ ಕಾಗದವಾಗಿ ಬರುತ್ತವೆ.

ಮಲಯಾಳದಲ್ಲಿ ಬರುವ ಆ ಹಾಳೆ ಕನ್ನಡದಲ್ಲೂ ಇರಬೇಕು ಎಂಬುದೊಂದೇ ಈ ಪತ್ರದ ಬೇಡಿಕೆ. ಅದನ್ನು ಭಾವನೆಯ ಮಾತಾಗಿ ಅಲ್ಲ, ಕಚೇರಿಯ ಕೆಲಸವಾಗಿ ನಿಮ್ಮ ಮುಂದಿಡುತ್ತಿದ್ದೇವೆ. ಯಾವ ಕಾಗದ, ಅದರಲ್ಲಿ ಯಾವ ಸಾಲು, ಆ ಸಾಲು ಅರ್ಥವಾಗದೆ ಹೋದರೆ ಆಗುವ ನಷ್ಟ ಏನು ಎಂಬುದನ್ನು ಬಿಡಿಸಿ ಹೇಳುತ್ತೇವೆ.

“ಇಲ್ಲಿ ಎಲ್ಲರಿಗೂ ಮಲಯಾಳ ಬರುತ್ತದಲ್ಲ” ಎಂಬ ಮಾತು ಕಚೇರಿಗಳಲ್ಲಿ ಆಗಾಗ ಕೇಳಿಬರುತ್ತದೆ. ಬರುತ್ತದೆ, ನಿಜ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿ, ಮಧೂರಿನ ಕಡೆ ಒಬ್ಬರೇ ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಕೊಂಕಣಿ ಅಥವಾ ಬ್ಯಾರಿ ಭಾಷೆ ಆಡಿ, ಪೇಟೆಯಲ್ಲಿ ಮಲಯಾಳ ಆಡುತ್ತಾರೆ. ಆದರೆ ಅವರಲ್ಲಿ ಬಹಳ ಮಂದಿ ಶಾಲೆಗೆ ಹೋದದ್ದು ಕನ್ನಡ ಮಾಧ್ಯಮಕ್ಕೆ. ಕಿವಿಗೂ ನಾಲಿಗೆಗೂ ಹತ್ತಿದ ಮಲಯಾಳ ಅವರ ಕಣ್ಣಿಗೆ ಹತ್ತಿಲ್ಲ. ಬಸ್ಸಿನಲ್ಲಿ ನಿರರ್ಗಳವಾಗಿ ಮಲಯಾಳ ಮಾತಾಡುವ ಅರುವತ್ತರ ಹೆಂಗಸು ಅದೇ ಭಾಷೆಯ ನೋಟೀಸನ್ನು ತಲೆಕೆಳಗಾಗಿ ಹಿಡಿದರೂ ಗೊತ್ತಾಗುವುದಿಲ್ಲ. ಮಾತು ಬರುವುದಕ್ಕೂ ಓದು ಬರುವುದಕ್ಕೂ ಇರುವ ಈ ಅಂತರವನ್ನು ಆಡಳಿತ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯ 3ನೆಯ ಕಲಮು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸೆಕ್ರೆಟರಿಯೇಟಿನೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ ಮತ್ತು ಅಧಿಸೂಚಿತ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ರಾಜ್ಯ ಸರ್ಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿತು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿತು. ಸಂವಿಧಾನದ 350ನೆಯ ವಿಧಿ ಇನ್ನೂ ವಿಶಾಲ: ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಕೊಡಬಹುದು. ಭಾಷಾ ಅಲ್ಪಸಂಖ್ಯಾತರಿಗಾಗಿ ದೇಶದ ಮಟ್ಟದಲ್ಲಿ ಒಪ್ಪಿಕೊಂಡ ರಕ್ಷಣಾ ಕ್ರಮಗಳ ಪ್ರಕಾರ, ಒಂದು ಪ್ರದೇಶದಲ್ಲಿ ಅವರು ಶೇಕಡಾ 15ರಷ್ಟಾದರೂ ಇದ್ದರೆ ಮುಖ್ಯ ನಿಯಮಗಳು ಮತ್ತು ನೋಟೀಸುಗಳು ಅವರ ಭಾಷೆಯಲ್ಲೂ ಪ್ರಕಟವಾಗಬೇಕು.

ಈ ರಕ್ಷಣೆಯಲ್ಲಿ ಎರಡು ಕಂಡಿಗಳಿವೆ. ಒಂದು, 1969ರ ಕಾಯ್ದೆ ಹೇಳುವುದು “ರಾಜ್ಯ ಸರ್ಕಾರದ ಸ್ಥಳೀಯ ಕಚೇರಿ” ಎಂದು. ಪಂಚಾಯತ್ ರಾಜ್ಯ ಸರ್ಕಾರದ ಕಚೇರಿಯಲ್ಲ, ಅದು ಸ್ವತಂತ್ರ ಸ್ಥಳೀಯಾಡಳಿತ ಸಂಸ್ಥೆ ಎಂದು ಯಾರಾದರೂ ವಾದಿಸಿದರೆ ಅಕ್ಷರಾರ್ಥಕ್ಕೆ ಅದು ನಿಲ್ಲುತ್ತದೆ. ಕಾರ್ಯದರ್ಶಿ ಸರ್ಕಾರಿ ನೌಕರರಾದರೂ ಕಾಗದ ಹೊರಡುವುದು ಪಂಚಾಯತಿನ ಹೆಸರಿನಲ್ಲಿ. ಎರಡು, ಕಾಯ್ದೆ ಮಾತಾಡುವುದು ಜನ ಬರೆದ ಪತ್ರಕ್ಕೆ ಬರುವ ಉತ್ತರದ ಬಗ್ಗೆ. ಕಚೇರಿ ತಾನಾಗಿಯೇ ಕಳುಹಿಸುವ ನೋಟೀಸಿನ ಬಗ್ಗೆ ಅದು ಬಿಡಿಸಿ ಹೇಳಿಲ್ಲ. ಈಗಿನ ತೊಂದರೆ ಎಲ್ಲ ಇರುವುದು ಈ ಎರಡನೆಯ ಜಾತಿಯ ಕಾಗದದಲ್ಲಿ.

ಇದರ ಮೇಲೆ, 1969ರ ಕಾಯ್ದೆಯ ಜಾಗಕ್ಕೆ ತರಲು ಕೇರಳ ವಿಧಾನಸಭೆ 2025ರಲ್ಲಿ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ 2026ರ ಜನವರಿಯಲ್ಲಿ ಅದಕ್ಕೆ ಆಕ್ಷೇಪ ಎತ್ತಿದರು. ಭಾಷಾ ಅಲ್ಪಸಂಖ್ಯಾತರ ಹಕ್ಕು ಕಾಯುವ ಪ್ರತ್ಯೇಕ ಕಲಮು ಮಸೂದೆಯಲ್ಲಿದೆ ಎಂದು ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಉತ್ತರಿಸಿದರು. ಆ ಚರ್ಚೆ ಎರಡು ರಾಜಧಾನಿಗಳದ್ದು. ನಾವು ನಿಮ್ಮ ಹತ್ತಿರ ಕೇಳುವುದಕ್ಕೆ ತಿರುವನಂತಪುರದ ಅಪ್ಪಣೆಯೂ ಬೇಡ, ಬೆಂಗಳೂರಿನ ಬೆಂಬಲವೂ ಬೇಡ. ನಿಮ್ಮ ಆಡಳಿತ ಸಮಿತಿಯ ಒಂದು ನಿರ್ಣಯ ಸಾಕು.

ಮೊದಲು ಕಸದ ನೋಟೀಸು. ಈಗ ಹೆಚ್ಚು ಮನೆಗಳನ್ನು ಮುಟ್ಟುವ ಕಾಗದ ಅದೇ.

2023ರ ಕೊನೆಗೆ ಸುಗ್ರೀವಾಜ್ಞೆಯಾಗಿ ಬಂದು 2024ರಲ್ಲಿ ಕಾಯ್ದೆಯಾದ ಪಂಚಾಯತ್ ರಾಜ್ ತಿದ್ದುಪಡಿ ಕಾರ್ಯದರ್ಶಿಯ ಕೈಗೆ ದೊಡ್ಡ ಅಧಿಕಾರ ಕೊಟ್ಟಿದೆ. ಕಸ ಎಸೆದದ್ದಕ್ಕೆ ಕಾರ್ಯದರ್ಶಿಯೇ 5,000 ರೂಪಾಯಿವರೆಗೆ ದಂಡ ಹಾಕಬಹುದು. ತೋಡು, ಹೊಳೆ, ಕೆರೆಗೆ ಕಸ ಹಾಕಿದರೆ ದಂಡ 10,000ದಿಂದ 50,000 ರೂಪಾಯಿ, ಜೊತೆಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಬಳಕೆದಾರ ಶುಲ್ಕ ಪಂಚಾಯತುಗಳಲ್ಲಿ ಸಾಮಾನ್ಯವಾಗಿ ಮನೆಗೆ ತಿಂಗಳಿಗೆ 50 ರೂಪಾಯಿ. ಅದನ್ನು 90 ದಿನ ಕಳೆದರೂ ಕಟ್ಟದಿದ್ದರೆ ಶೇಕಡಾ 50 ದಂಡ ಸೇರುತ್ತದೆ, ಬಾಕಿಯನ್ನು ಕಟ್ಟಡ ತೆರಿಗೆಯ ಬಾಕಿಯಂತೆ ವಸೂಲು ಮಾಡಬಹುದು, ಕಟ್ಟುವ ತನಕ ಪಂಚಾಯತಿನ ಸೇವೆಯನ್ನು ತಡೆಹಿಡಿಯಲೂಬಹುದು. ಸಣ್ಣ ಮೊತ್ತವೇ. ಆದರೆ ಕಟ್ಟಡ ನಂಬರಿಗೋ ವಾಸಸ್ಥಳದ ಪತ್ರಕ್ಕೋ ಹೋದವರು “ಮೊದಲು ಬಾಕಿ ಕಟ್ಟಿ ಬನ್ನಿ” ಎಂದು ಕೌಂಟರಿನಿಂದ ಹಿಂದೆ ಬರುವ ದಿನವೇ ಅವರಿಗೆ ಅದು ಗೊತ್ತಾಗುವುದು.

ಇಂಥ ನೋಟೀಸಿನಲ್ಲಿ ಕನ್ನಡಿಗ ಎಡವುವ ಪದಗಳನ್ನು ನೋಡಿ. ಅಕ್ಷರ ಕೂಡಿಸಿ ಓದಬಲ್ಲವರಿಗೂ ಇವು ಮೋಸ ಮಾಡುತ್ತವೆ. ಮಲಯಾಳದ ‘ಉತ್ತರವ್’ ಎಂದರೆ ಆದೇಶ. ನಮ್ಮವರು ಅದನ್ನು ‘ಉತ್ತರ’ ಎಂದು ಓದಿ, ಕೇಳಿದ್ದಕ್ಕೆ ಜವಾಬು ಬಂದಿದೆ ಎಂದುಕೊಳ್ಳುತ್ತಾರೆ. ‘ಅಪೇಕ್ಷ’ ಎಂದರೆ ಅರ್ಜಿ, ಬಯಕೆ ಅಲ್ಲ. ‘ಅವಕಾಶಂ’ ಎಂದರೆ ಹಕ್ಕು. ‘ಅಪ್ಪೀಲ್ ನಲ್ಕುವಾನುಳ್ಳ ಅವಕಾಶಂ’ ಎಂಬಲ್ಲಿ ಮೇಲ್ಮನವಿ ನಿಮ್ಮ ಹಕ್ಕು ಎಂದು ಕಾನೂನು ಹೇಳುತ್ತಿದ್ದರೆ, ಕನ್ನಡಿಗ ಅದನ್ನು ಕಚೇರಿ ದಯೆಯಿಂದ ಕೊಟ್ಟ ಒಂದು ಸಂದರ್ಭ ಎಂದು ತಿಳಿಯುತ್ತಾನೆ. ‘ಕುಡಿಶ್ಶಿಕ’ ಬಾಕಿ. ‘ಪರಾತಿ’ ದೂರು. ದಂಡಕ್ಕೆ ಅವರು ಬರೆಯುವುದು ‘ಪಿೞ’. ಹಳಗನ್ನಡದ ೞಕಾರ ಮಲಯಾಳದಲ್ಲಿ ಇಂದಿಗೂ ಜೀವಂತವಾಗಿದೆ, ನಮ್ಮಲ್ಲಿ ಅದನ್ನು ಓದಬಲ್ಲವರು ವಿದ್ವಾಂಸರು ಮಾತ್ರ. ಒಂದು ನೋಟೀಸಿನ ಮೂರು ಮುಖ್ಯ ಸಂಗತಿಗಳಾದ ಆದೇಶ, ದಂಡ, ಮೇಲ್ಮನವಿಯ ಹಕ್ಕು ಹೀಗೆ ಮೂರೂ ಕೈತಪ್ಪುತ್ತವೆ.

ಅದರಲ್ಲೂ ಮೇಲ್ಮನವಿಯ ಗಡುವು. ಕಾರ್ಯದರ್ಶಿಯ ಆದೇಶದ ಮೇಲೆ ಪಂಚಾಯತ್ ಸಮಿತಿಗೆ, ಅಲ್ಲಿಂದ ಮುಂದೆ ತಿರುವನಂತಪುರದಲ್ಲಿರುವ ಸ್ಥಳೀಯಾಡಳಿತ ಟ್ರಿಬ್ಯುನಲಿಗೆ ಹೋಗುವ ದಾರಿ ಇದೆ. ಎರಡಕ್ಕೂ ಕಾಲಮಿತಿ ಇದೆ. ಓದಲು ಬಾರದ ಕಾಗದವನ್ನು ಜನ ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಾರೆ, ಮಗಳೋ ಅಳಿಯನೋ ಬಂದಾಗ ಓದಿಸೋಣ ಎಂದು. ಅಷ್ಟರಲ್ಲಿ ದಿನ ಮುಗಿದಿರುತ್ತದೆ. ತನ್ನ ಮೇಲೆ ಹೊರಿಸಿದ ತಪ್ಪು ಏನೆಂದು ತಿಳಿಯುವ ಮೊದಲೇ ಒಬ್ಬನಿಗೆ ದಂಡ ಬಿದ್ದರೆ ಅದು ಸಹಜ ನ್ಯಾಯವಲ್ಲ. ವಿಚಾರಣೆಗೆ ಕರೆದಿದ್ದೇವೆ ಎಂದು ಕಡತದಲ್ಲಿ ಬರೆದಿಟ್ಟ ಮಾತ್ರಕ್ಕೆ ಕರೆದಂತೆ ಆಗುವುದಿಲ್ಲ. ಕರೆದದ್ದು ಅವನಿಗೆ ತಿಳಿಯಬೇಕು.

ಇದೇ ತಿದ್ದುಪಡಿಯಲ್ಲಿ ನಮ್ಮ ಕಡೆಗೆ ನೇರವಾಗಿ ತಾಗುವ ಇನ್ನೊಂದು ಮಾತಿದೆ. 100ಕ್ಕಿಂತ ಹೆಚ್ಚು ಜನ ಸೇರುವ ಯಾವ ಕಾರ್ಯಕ್ರಮವನ್ನೂ ಮೂರು ದಿನ ಮೊದಲು ಪಂಚಾಯತಿಗೆ ತಿಳಿಸಿ, ಕಸವನ್ನು ಶುಲ್ಕ ಕೊಟ್ಟು ಸಂಗ್ರಹಕಾರರಿಗೆ ಒಪ್ಪಿಸಬೇಕು. ಮದುವೆ, ಮನೆ ಒಕ್ಕಲು, ನೇಮ, ಬಯಲಾಟ, ಉರೂಸು, ಬ್ರಹ್ಮಕಲಶೋತ್ಸವ ಎಲ್ಲವೂ ಇದರೊಳಗೆ ಬರುತ್ತವೆ. ನಮ್ಮಲ್ಲಿ ನೂರು ಜನರಿಗೆ ನಿಲ್ಲುವ ಊಟ ಯಾವುದಿದೆ? ಬಾಳೆ ಎಲೆ, ಹಾಳೆ ತಟ್ಟೆಗಳು ಹಸಿಕಸವಾಗಿ ತೋಟದ ಬುಡ ಸೇರುತ್ತವೆ, ಅವು ಸಮಸ್ಯೆಯೇ ಅಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ, ಐಸ್‌ಕ್ರೀಮ್ ಕಪ್ಪು, ಥರ್ಮೊಕೋಲಿನ ಅಲಂಕಾರ ಉಳಿಯುತ್ತವೆ. ಈ ತಿಳಿವಳಿಕೆ ಪತ್ರ ಕನ್ನಡದಲ್ಲಿ ದೇವಸ್ಥಾನ, ಭಜನಾ ಮಂದಿರ, ಮಸೀದಿ, ಇಗರ್ಜಿ ಮತ್ತು ಸಭಾಭವನಗಳ ಫಲಕದಲ್ಲಿ ಬೀಳಬೇಕು. ಮುಹೂರ್ತದ ಕಾಗದ ಅಚ್ಚಿಗೆ ಹೋಗುವ ಮೊದಲೇ ಮನೆಯ ಯಜಮಾನನಿಗೆ ಇದು ಗೊತ್ತಿರಬೇಕು, ಊಟ ಮುಗಿದ ಮೇಲೆ ಅಲ್ಲ.

ಕೇಂದ್ರದ 2026ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದರ ಮೇಲೆ ಬಂದಿವೆ. ಜಾರಿಯ ದಿನ 2026ರ ಏಪ್ರಿಲ್ 1. ಮನೆಯಲ್ಲೇ ಕಸವನ್ನು ನಾಲ್ಕು ಪಾಲು ಮಾಡಬೇಕು: ಹಸಿ, ಒಣ, ಸ್ಯಾನಿಟರಿ, ವಿಶೇಷ ಎಚ್ಚರಿಕೆಯ ಕಸ. ಡೈಪರು, ಪ್ಯಾಡು ಮೂರನೆಯದಕ್ಕೆ. ಬಲ್ಬು, ಪೈಂಟ್ ಡಬ್ಬಿ, ಅವಧಿ ಮುಗಿದ ಮದ್ದು ನಾಲ್ಕನೆಯದಕ್ಕೆ. ಅಡಿಕೆ, ಗೇರು ಬೆಳೆಯುವ ಊರಿನಲ್ಲಿ ಐದನೆಯ ಪ್ರಶ್ನೆಯೊಂದು ಏಳುತ್ತದೆ: ತೋಟದ ಕೀಟನಾಶಕದ ಖಾಲಿ ಬಾಟಲಿ. 2016ರ ನಿಯಮಗಳೇ ಅದನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆ ಇರಿಸಿದ್ದವು. ಎಂಡೋಸಲ್ಫಾನಿನ ನೋವು ಇನ್ನೂ ಆರದ ನೆಲದಲ್ಲಿ ಆ ಬಾಟಲಿ ಒಣ ಪ್ಲಾಸ್ಟಿಕ್ಕಿನ ಚೀಲಕ್ಕೆ ಬಿದ್ದು, ಹರಿತ ಕರ್ಮ ಸೇನೆಯ ಹೆಂಗಸರು ಅದನ್ನು ಬರಿಗೈಯಲ್ಲಿ ವಿಂಗಡಿಸುವಂತಾಗಬಾರದು. ಈ ಸೂಚನೆಗೆ ಅರ್ಧ ಪುಟ ಕನ್ನಡ ಸಾಕು.

ಇನ್ನು ಜನನ ಪತ್ರ. ಇದರಲ್ಲಿ ತಪ್ಪು ಕೂಡಲೇ ಕಾಣುವುದಿಲ್ಲ, ಹತ್ತು ವರ್ಷ ಕಳೆದು ಕಾಣುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ.

ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನ ಮತ್ತು ಅದರ ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಡ್ರೈವಿಂಗ್ ಲೈಸೆನ್ಸ್, ಮತದಾರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ, ಪಾಸ್‌ಪೋರ್ಟ್, ಆಧಾರ್ ಇವಕ್ಕೆಲ್ಲ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಜನನ ಪತ್ರವೇ. ಮೊದಲು ಶಾಲೆಯ ಟಿಸಿ, ಎಸ್‌ಎಸ್‌ಎಲ್‌ಸಿ ಪುಸ್ತಕ ತೋರಿಸಿ ನಡೆಯುತ್ತಿದ್ದ ಕೆಲಸಗಳು ಈ ಮಕ್ಕಳಿಗೆ ಹಾಗೆ ನಡೆಯುವುದಿಲ್ಲ.

ಗಡಿಯ ವಿಶೇಷ ಏನೆಂದರೆ ನಮ್ಮ ಮಕ್ಕಳಲ್ಲಿ ಬಹಳಷ್ಟು ಹುಟ್ಟುವುದು ಮಂಗಳೂರಿನ ಆಸ್ಪತ್ರೆಗಳಲ್ಲಿ. ನೋಂದಣಿ ನಡೆಯುವುದು ಹುಟ್ಟಿದ ಸ್ಥಳದಲ್ಲಿ, ಮನೆ ಇರುವ ಪಂಚಾಯತಿನಲ್ಲಿ ಅಲ್ಲ. ಮಂಗಳೂರಿನಲ್ಲಿ ಹೆರಿಗೆಯಾದರೆ ಅಲ್ಲಿನ ರಿಜಿಸ್ಟ್ರಾರೇ ಪತ್ರ ಕೊಡಬೇಕು, ಕೇರಳದ ಸ್ಥಳೀಯಾಡಳಿತ ಸೇವೆಗಳ ಜಾಲತಾಣವಾದ ಕೆ-ಸ್ಮಾರ್ಟಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ವಿವರ ಬರೆದುಕೊಡುವಾಗ ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟು ಬರುವುದು ನಮ್ಮಲ್ಲಿ ವಾಡಿಕೆ, ನಾಮಕರಣ ಆಗಿರುವುದಿಲ್ಲವಲ್ಲ. ಹೆಸರು ಸೇರಿಸಲು 12 ತಿಂಗಳವರೆಗೆ ಶುಲ್ಕವಿಲ್ಲ. ಆ ಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಅದಕ್ಕೂ ಅರ್ಜಿ ಮಂಗಳೂರಿಗೇ. ಇದನ್ನು ಅಂಗನವಾಡಿಯ ಫಲಕದಲ್ಲಿ ಕನ್ನಡದಲ್ಲಿ ಬರೆದು ಹಾಕಿದರೆ ಮಗು ಒಂದನೇ ತರಗತಿಗೆ ಸೇರುವ ವಾರ ತಾಯಿ ಮಂಗಳೂರಿಗೆ ಓಡುವುದು ತಪ್ಪುತ್ತದೆ.

ನಿಮ್ಮ ಪಂಚಾಯತಿನಲ್ಲೇ ಹೆರಿಗೆಯಾದರೆ ಲೆಕ್ಕ ಹೀಗೆ. 21 ದಿನದೊಳಗೆ ಮಾಮೂಲಿ ನೋಂದಣಿ. 21ರಿಂದ 30 ದಿನದವರೆಗೆ ತಡದ ಶುಲ್ಕ. 30 ದಿನ ದಾಟಿ ಒಂದು ವರ್ಷದೊಳಗಾದರೆ ಜಿಲ್ಲಾ ರಿಜಿಸ್ಟ್ರಾರರ ಲಿಖಿತ ಅನುಮತಿ. ವರ್ಷ ದಾಟಿದರೆ ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಈಗ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಸಾಕು. ರಿಜಿಸ್ಟ್ರಾರರ ತೀರ್ಮಾನದಿಂದ ತೊಂದರೆಯಾದವರು 30 ದಿನದೊಳಗೆ ಜಿಲ್ಲಾ ರಿಜಿಸ್ಟ್ರಾರರಿಗೆ ಮೇಲ್ಮನವಿ ಕೊಡಬಹುದು, ಅದನ್ನು 90 ದಿನದಲ್ಲಿ ತೀರ್ಮಾನಿಸಬೇಕು ಎಂಬುದೂ 2023ರ ತಿದ್ದುಪಡಿಯಲ್ಲಿದೆ. ವರ್ಷ ದಾಟಿದೆ ಎಂಬ ಕಾರಣಕ್ಕೆ ಜನರನ್ನು ಇಂದಿಗೂ ವಕೀಲರ ಬಳಿಗೆ ಅಟ್ಟಬೇಡಿ.

ಹೆಸರಿನ ಕಾಗುಣಿತದ ಕಥೆ ಬೇರೆಯೇ. ಕನ್ನಡದ ಹೆಸರು ಬಾಯಿಯಿಂದ ಮಲಯಾಳ ಬಲ್ಲವರ ಕಿವಿಗೆ, ಅಲ್ಲಿಂದ ಇಂಗ್ಲಿಷ್ ಕೀಲಿಮಣೆಗೆ ಹೋಗುವಾಗ ಎರಡು ಕಡೆ ತಿರುಚಿಕೊಳ್ಳುತ್ತದೆ. ‘ಐತ್ತಪ್ಪ’ ಎಂಬ ಒಂದು ಹೆಸರನ್ನೇ ತೆಗೆದುಕೊಳ್ಳಿ: ಇಂಗ್ಲಿಷಿನಲ್ಲಿ ‘ಟಿ’ ಒಂದೋ ಎರಡೋ, ನಂತರ ‘ಎಚ್’ ಉಂಟೋ ಇಲ್ಲವೋ, ಮೊದಲಕ್ಷರ ‘ಎ’ಯೋ ‘ಐ’ಯೋ. ಆಧಾರಿನಲ್ಲಿ ಒಂದು, ಭೂಮಿಯ ಕಡತದಲ್ಲಿ ಇನ್ನೊಂದು, ಮಗುವಿನ ಜನನ ಪತ್ರದ ತಂದೆಯ ಹೆಸರಿನಲ್ಲಿ ಮತ್ತೊಂದು. ಮೊದಲಾದರೆ “ಒಬ್ಬನೇ ವ್ಯಕ್ತಿ” ಎಂಬ ದೃಢೀಕರಣ ತಂದು ನಿಭಾಯಿಸುತ್ತಿದ್ದರು. ಈಗ ನೋಂದಣಿಯ ದತ್ತಾಂಶ ರಾಷ್ಟ್ರಮಟ್ಟದ ಕೋಶಕ್ಕೆ ಸೇರುತ್ತದೆ, ಅಲ್ಲಿಂದ ಬೇರೆ ಪಟ್ಟಿಗಳಿಗೆ ಹರಿಯುತ್ತದೆ. ಆದ್ದರಿಂದ ನೋಂದಣಿಗೆ ಮೊದಲು ತಂದೆತಾಯಿಯರಿಗೆ ಒಂದು ಕರಡು ಹಾಳೆ ಕೊಡಿ. ಅದರಲ್ಲಿ ಹೆಸರು ಅವರ ಕೈಯಿಂದಲೇ ಕನ್ನಡದಲ್ಲಿ ಬರೆದಿರಲಿ, ಪಕ್ಕದಲ್ಲಿ ಆಧಾರಿನಲ್ಲಿರುವ ಇಂಗ್ಲಿಷ್ ಕಾಗುಣಿತ ಇರಲಿ, ಅವರ ಸಹಿ ಬಿದ್ದ ಮೇಲೆ ಗಣಕಕ್ಕೆ ಏರಲಿ. ಐದು ನಿಮಿಷದ ಕೆಲಸ. ತಿದ್ದುಪಡಿಗೆ ಅಲೆಯುವುದು ತಿಂಗಳುಗಟ್ಟಲೆ.

ಮನೆ ನಂಬರಿಗೆ ಬರೋಣ. 2024ರ ತಿದ್ದುಪಡಿಯಿಂದ ಗ್ರಾಮ ಪಂಚಾಯತಿನ ಕನಿಷ್ಠ ವಾರ್ಡು 13ರಿಂದ 14ಕ್ಕೆ, ಗರಿಷ್ಠ 23ರಿಂದ 24ಕ್ಕೆ ಏರಿತು. 2011ರ ಜನಗಣತಿಯ ಆಧಾರದಲ್ಲಿ ಗಡಿಗಳನ್ನು ಹೊಸದಾಗಿ ಎಳೆದರು. ಕೇರಳದಲ್ಲಿ ಮನೆಯ ನಂಬರು ವಾರ್ಡಿನ ನಂಬರಿಗೆ ಕಟ್ಟಿಕೊಂಡಿರುತ್ತದೆ, ಮೊದಲು ವಾರ್ಡು, ಗೆರೆ, ಆಮೇಲೆ ಕಟ್ಟಡ. ವಾರ್ಡು ಬದಲಾದರೆ ಮನೆ ಕದಲದಿದ್ದರೂ ವಿಳಾಸ ಕದಲುತ್ತದೆ. ರೇಷನ್ ಕಾರ್ಡು, ಗ್ಯಾಸು, ಬ್ಯಾಂಕಿನ ಸಾಲದ ಕಡತ, ಅಂಗಡಿ ಲೈಸೆನ್ಸು ಎಲ್ಲದರಲ್ಲೂ ಹಳೆಯ ನಂಬರು ಕೂತಿದೆ. ಹಳೆಯ ನಂಬರು ಇಷ್ಟು, ಹೊಸದು ಇಷ್ಟು, ಕಟ್ಟಡ ಒಂದೇ ಎಂದು ಎರಡು ಭಾಷೆಯಲ್ಲಿ ಬರೆದ ಒಂದು ಪತ್ರವನ್ನು ಕೇಳಿದ ಕೂಡಲೇ ಕೊಡುವ ಏರ್ಪಾಡಾಗಲಿ. ತೆರಿಗೆ ರಶೀದಿಯಲ್ಲೇ ಎರಡೂ ನಂಬರು ಅಚ್ಚಾದರೆ ಇನ್ನೂ ಒಳ್ಳೆಯದು.

ಉದ್ಯೋಗ ಖಾತರಿಯ ವಿಷಯದಲ್ಲಿ ನಿಮ್ಮ ಪಂಚಾಯತ್ ಈಗಲೇ ಎಚ್ಚರವಾಗಬೇಕು. ನಮ್ಮವರು ಬಾಯಲ್ಲಿ ‘ತೊಳಿಲುರಪ್ಪು’ ಎನ್ನುವ 2005ರ ಯೋಜನೆಯ ಜಾಗಕ್ಕೆ ಸಂಸತ್ತು ಹೊಸ ಕಾಯ್ದೆ ತಂದಿದೆ, ಹೆಸರು ಸುಲಭವಾಗಿ ‘ವಿಬಿ-ಜಿ ರಾಮ್ ಜಿ’. 2025ರ ಡಿಸೆಂಬರ್ 21ರಂದು, ಅಂದರೆ ನೀವು ಪ್ರಮಾಣವಚನ ತೆಗೆದುಕೊಂಡ ದಿನವೇ, ಅದಕ್ಕೆ ರಾಷ್ಟ್ರಪತಿಯವರ ಅಂಕಿತ ಬಿತ್ತು. ವರ್ಷಕ್ಕೆ 100 ದಿನವಿದ್ದದ್ದು 125 ದಿನ. ಮೊದಲು ಕೂಲಿಯ ಹಣ ಪೂರ್ತಿ ಕೇಂದ್ರದ್ದಾಗಿತ್ತು. ಇನ್ನು ಕೇಂದ್ರ 60, ಕೇರಳ 40. ರಾಜ್ಯಕ್ಕೆ ಗೊತ್ತುಪಡಿಸಿದ ಮಿತಿ ಮೀರಿದ ಖರ್ಚು ರಾಜ್ಯದ ತಲೆಗೆ. ಕೆಲಸಗಳು ಗ್ರಾಮ ಪಂಚಾಯತಿನ ಯೋಜನೆಯೊಳಗಿಂದಲೇ ಬರಬೇಕು, ಅದರ ನಾಲ್ಕು ವಿಭಾಗಗಳಲ್ಲಿ ಮೊದಲನೆಯದು ಜಲಭದ್ರತೆ. ಬಿತ್ತನೆ ಮತ್ತು ಕೊಯಿಲಿನ ಬಿರುಸಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸಬೇಕು. ಆ ದಿನಗಳು ಯಾವುವು ಎಂದು ರಾಜ್ಯ ಮುಂಚಿತವಾಗಿ ಅಧಿಸೂಚಿಸಬೇಕು, ಪ್ರದೇಶಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಗೊತ್ತುಮಾಡಲೂ ಬಹುದು.

ಈ 60 ದಿನದಲ್ಲಿ ನಮ್ಮ ಕಟ್ಟಗಳ, ಅಂದರೆ ನೀರು ನಿಲ್ಲಿಸಲು ತೋಡಿಗೆ ಅಡ್ಡವಾಗಿ ಹಾಕುವ ಒಡ್ಡುಗಳ, ಭವಿಷ್ಯ ಇದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಕಡೆ ತೋಡಿಗೆ ಕಟ್ಟ ಹಾಕುವ ಕಾಲ ನವೆಂಬರ್, ಡಿಸೆಂಬರ್. ಬೇಗ ಹಾಕಿದರೆ ತುಲಾ ಮಳೆಯ ಕೊನೆಯ ನೆರೆ ಒಂದೇ ರಾತ್ರಿಗೆ ಕೊಚ್ಚಿಕೊಂಡು ಹೋಗುತ್ತದೆ. ತಡ ಮಾಡಿದರೆ ನಿಲ್ಲಿಸಲು ತೋಡಿನಲ್ಲಿ ನೀರೇ ಉಳಿದಿರುವುದಿಲ್ಲ. ನಡುವೆ ಸಿಗುವುದು ಕೆಲವೇ ವಾರ. ಆ ವಾರಗಳಲ್ಲಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಪ್ಲಾಸ್ಟಿಕ್ ಹಾಳೆ ಸೇರಿಸಿ ಒಂದರ ಹಿನ್ನೀರು ಮೇಲಿನದರ ಬುಡ ಮುಟ್ಟುವಂತೆ ಸಾಲಾಗಿ ಕಟ್ಟಿದರೆ ಆಸುಪಾಸಿನ ಬಾವಿಗಳಿಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಿಗೆ ಬೇಸಗೆಯವರೆಗೂ ಒರತೆ ಇರುತ್ತದೆ. ಭತ್ತದ ಕೊಯಿಲನ್ನೋ ಅಡಿಕೆಯ ಮೊದಲ ಕೊಯಿಲನ್ನೋ ಲೆಕ್ಕಕ್ಕೆ ಹಿಡಿದು ರಾಜ್ಯ ಒಂದೇ ಅಳತೆಯಲ್ಲಿ ಈ ಎರಡು ತಿಂಗಳನ್ನೇ ರಜೆಯ ಕಾಲವೆಂದು ಸಾರಿಬಿಟ್ಟರೆ ಕಟ್ಟಕ್ಕೆ ಆಳು ಸಿಗುವುದಿಲ್ಲ. ಉತ್ತರ ಕಾಸರಗೋಡಿಗೆ ಬೇರೆ ಕಾಲ ಗೊತ್ತುಮಾಡಬೇಕೆಂದು ಈಗಲೇ ಗ್ರಾಮಸಭೆಯಲ್ಲಿ ನಿರ್ಣಯವಾಗಲಿ, ಪಂಚಾಯತ್ ಸಮಿತಿ ಅದನ್ನು ಜಿಲ್ಲಾ ಯೋಜನಾ ಸಮಿತಿಗೆ ಕಳುಹಿಸಲಿ. ಕಟ್ಟ ವರ್ಷವರ್ಷವೂ ಹೊಸದಾಗಿ ಹಾಕುವಂಥದ್ದು, ಶಾಶ್ವತ ಆಸ್ತಿಯಲ್ಲ ಎಂದು ಪಟ್ಟಿಯಿಂದ ಹೊಡೆದು ಹಾಕುವವರು ಇರುತ್ತಾರೆ. ಅದಕ್ಕೆ ಈಗಲೇ ಉತ್ತರ ಸಿದ್ಧವಿರಲಿ: ಅಡಿಪಾಯ ಮತ್ತು ಕಲ್ಲಿನ ಕಂಬ ಶಾಶ್ವತವಾಗಿದ್ದು ಹಲಗೆ ಮಾತ್ರ ಹಾಕಿ ತೆಗೆಯುವ ಕಿಂಡಿ ಅಣೆಕಟ್ಟು ಯಾವ ತೋಡಿಗೆ ಒಪ್ಪುತ್ತದೆ, ಯಾವುದಕ್ಕೆ ಮಣ್ಣಿನ ಕಟ್ಟವೇ ಸರಿ ಎಂಬ ಪಟ್ಟಿ ವಾರ್ಡುವಾರು ಇರಬೇಕು. ಆ ಪಟ್ಟಿ ಗೊತ್ತಿರುವುದು ತೋಡಿನ ಬದಿಯ ಕೃಷಿಕರಿಗೆ. ಅವರು ಗ್ರಾಮಸಭೆಗೆ ಬರಬೇಕಾದರೆ ನೋಟೀಸಿನಲ್ಲಿ ‘ಜಲಭದ್ರತೆ’ ಎಂಬ ದೊಡ್ಡ ಪದದ ಬದಲು “ಕಟ್ಟದ ವಿಷಯ ಚರ್ಚೆ ಉಂಟು” ಎಂದು ಕನ್ನಡದಲ್ಲಿ ಬರೆಯಿರಿ. ಶೇಕಡಾ 10 ಕೋರಂ ತುಂಬುವುದು ಹಾಗೆ. ವಾರ್ಡಿನ ಸದಸ್ಯರೇ ಗ್ರಾಮಸಭೆಯ ಸಂಚಾಲಕರು. ಸತತ ಎರಡು ಬಾರಿ ಕರೆಯದಿದ್ದರೆ ಸದಸ್ಯತ್ವಕ್ಕೇ ಕುತ್ತು ಎಂಬುದನ್ನು ಹೊಸಬರು ಗಮನದಲ್ಲಿಡಬೇಕು.

ಮಾಹಿತಿ ಹಕ್ಕಿನ ಬಗ್ಗೆ ಚಿಕ್ಕದಾಗಿ. ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ 8(1)(ಜೆ) ಕಲಮಿಗೆ ಬಂದ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಯಾಯಿತು. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವುದು ಈಗ ಸುಲಭ. ಆದರೆ ಅದನ್ನು ತೋರಿಸಿ ಮನೆ, ಕೊಳವೆಬಾವಿ, ಸಹಾಯಧನದ ಫಲಾನುಭವಿ ಪಟ್ಟಿಯನ್ನು ಮುಚ್ಚಿಡುವಂತಿಲ್ಲ. ಸಹಾಯಧನ ಕಾರ್ಯಕ್ರಮಗಳ ವಿವರ ಮತ್ತು ಫಲಾನುಭವಿಗಳ ವಿವರವನ್ನು ತಾವಾಗಿಯೇ ಪ್ರಕಟಿಸಬೇಕೆಂಬ 4ನೆಯ ಕಲಮು ಹಾಗೆಯೇ ಇದೆ, ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆಂಬ 8(2) ಕೂಡ ಇದೆ. ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದು ಅದೇ 4ನೆಯ ಕಲಮು ಹೇಳುತ್ತದೆ.

ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಕೊಟ್ಟ ಆದೇಶದಂತೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ತಿರುಗಿ ಬಿಡುವಂತಿಲ್ಲ. ನಿಮ್ಮ ಪಂಚಾಯತಿನಲ್ಲಿ ಇದರ ಹೊಣೆ ಯಾರದು, ಯಾವ ನಂಬರಿಗೆ ಕರೆಯಬೇಕು ಎಂಬ ಎರಡು ಸಾಲು ಕನ್ನಡ ಶಾಲೆಗಳ ಗೋಡೆಯಲ್ಲಿ ಕನ್ನಡದಲ್ಲಿರಲಿ.

ಈಗ ಮಾಡುವ ಬಗೆ. ನಿರ್ಣಯದ ಕರಡು ಇಲ್ಲಿದೆ, ಬೇಕಾದಂತೆ ತಿದ್ದಿಕೊಳ್ಳಿ: “ಈ ಪಂಚಾಯತಿನ ವ್ಯಾಪ್ತಿಯಲ್ಲಿ ಕನ್ನಡ ಓದುವ ಕುಟುಂಬಗಳಿಗೆ ಹಣ, ದಂಡ, ಗಡುವು, ವಿಚಾರಣೆ ಅಥವಾ ಮೇಲ್ಮನವಿಗೆ ಸಂಬಂಧಿಸಿ ಹೊರಡುವ ಪ್ರತಿಯೊಂದು ನೋಟೀಸು, ಆದೇಶ, ಗ್ರಾಮಸಭೆಯ ಕರೆ ಮತ್ತು ಫಲಾನುಭವಿ ಪಟ್ಟಿ ಮಲಯಾಳದ ಜೊತೆಗೆ ಕನ್ನಡದಲ್ಲೂ, ಒಂದೇ ಹಾಳೆಯಲ್ಲಿ, ಒಂದೇ ಕಡತ ಸಂಖ್ಯೆ, ದಿನಾಂಕ ಮತ್ತು ಸಹಿಯಡಿಯಲ್ಲಿ ಇರತಕ್ಕದ್ದು. ಕನ್ನಡ ಪಾಠ ಇಲ್ಲದ ನೋಟೀಸಿನ ವಿಷಯದಲ್ಲಿ, ಕನ್ನಡ ಪ್ರತಿ ಕೈಸೇರುವ ತನಕ ಪಂಚಾಯತ್ ವಸೂಲಿ ಕ್ರಮ ಕೈಗೊಳ್ಳತಕ್ಕದ್ದಲ್ಲ.” ಮೇಲ್ಮನವಿಯ ಗಡುವನ್ನು ಹಿಗ್ಗಿಸುವ ಅಧಿಕಾರ ಪಂಚಾಯತಿಗೆ ಇಲ್ಲ, ಆದ್ದರಿಂದ ಆ ಮಾತನ್ನು ನಿರ್ಣಯದಲ್ಲಿ ಸೇರಿಸಬೇಡಿ, ಸೇರಿಸಿದರೆ ನಿರ್ಣಯವೇ ರದ್ದಾಗುವ ದಾರಿ ತೆರೆಯುತ್ತದೆ. ವಸೂಲಿಯನ್ನು ತಡೆದು ನಿಲ್ಲುವುದು ನಿಮ್ಮ ವಿವೇಚನೆಯೊಳಗಿನ ಮಾತು.

ಅನುವಾದವನ್ನು ಪ್ರತಿ ನೋಟೀಸಿಗೂ ಹೊಸದಾಗಿ ಮಾಡಿಸಲು ಹೋಗಬೇಡಿ. ಅದು ಮೂರು ವಾರ ನಡೆದು ನಿಲ್ಲುತ್ತದೆ. ಪಂಚಾಯತಿನಿಂದ ಹೊರಡುವ ನೋಟೀಸುಗಳಲ್ಲಿ ಪದೇ ಪದೇ ಬರುವ ನಮೂನೆಗಳು ಬೆರಳೆಣಿಕೆಯಷ್ಟು: ಬಳಕೆದಾರ ಶುಲ್ಕದ ಬಾಕಿ, ಕಸದ ದಂಡ, ಕಟ್ಟಡ ತೆರಿಗೆ, ಪರವಾನಿಗೆ ಇಲ್ಲದ ಕಟ್ಟಡ, ಲೈಸೆನ್ಸು ನವೀಕರಣ, ವಿಚಾರಣೆಗೆ ಕರೆ, ಗ್ರಾಮಸಭೆ. ಒಂದು ಸಲ ಇವುಗಳ ಕನ್ನಡ ಪಾಠ ಸಿದ್ಧಪಡಿಸಿ, ಹೆಸರು, ಮೊತ್ತ, ದಿನಾಂಕದ ಜಾಗ ಮಾತ್ರ ಖಾಲಿ ಬಿಡಿ. ಪಾಠ ಯೂನಿಕೋಡಿನಲ್ಲೇ ಇರಬೇಕು. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದು ಬೇರೆ ಗಣಕಕ್ಕೆ ಹೋದ ಕೂಡಲೇ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ, ಕೊನೆಗೆ ಯಾರೋ ಅದನ್ನು ಅಳಿಸಿಬಿಡುತ್ತಾರೆ. ಯಂತ್ರಾನುವಾದವನ್ನು ನೆಚ್ಚಬೇಡಿ, ‘ಅವಕಾಶಂ’ ಎಂಬುದು ಅಲ್ಲಿಯೂ ‘ಅವಕಾಶ’ವಾಗಿಯೇ ಕೂತುಬಿಡುತ್ತದೆ. ಕನ್ನಡ ಶಾಲೆಯ ನಿವೃತ್ತ ಅಧ್ಯಾಪಕರೊಬ್ಬರು ಮತ್ತು ಕಚೇರಿಯ ಗುಮಾಸ್ತರೊಬ್ಬರು ಎರಡು ದಿನ ಒಟ್ಟಿಗೆ ಕೂತರೆ ಎಲ್ಲ ನಮೂನೆಗಳೂ ಮುಗಿಯುತ್ತವೆ. ಅಧ್ಯಾಪಕರಿಗೆ ಕನ್ನಡ ಗೊತ್ತು, ಗುಮಾಸ್ತರಿಗೆ ಯಾವ ಸಾಲು ಕಾನೂನಿಗೆ ಮುಖ್ಯ ಎಂಬುದು ಗೊತ್ತು. ಒಬ್ಬರಿಲ್ಲದೆ ಇನ್ನೊಬ್ಬರಿಂದ ಆಗುವ ಕೆಲಸವಲ್ಲ. ಒಂದು ಪಂಚಾಯತ್ ಮಾಡಿದ್ದನ್ನು ಉಳಿದವರು ಹಾಗೆಯೇ ತೆಗೆದುಕೊಳ್ಳಬಹುದು. ಮಂಜೇಶ್ವರ, ಕಾಸರಗೋಡು ಮತ್ತು ಕಾರಡ್ಕ ಬ್ಲಾಕ್ ಪಂಚಾಯತುಗಳು ಇದನ್ನು ಒಟ್ಟಾಗಿ ಮಾಡಿಸಿದರೆ ಪದಗಳೂ ಎಲ್ಲ ಕಡೆ ಒಂದೇ ಆಗುತ್ತವೆ.

ಕೆ-ಸ್ಮಾರ್ಟ್ 2025ರ ಏಪ್ರಿಲಿನಿಂದ ಗ್ರಾಮ ಪಂಚಾಯತುಗಳಿಗೂ ಬಂದಿದೆ, ಹೆಚ್ಚಿನ ಕಾಗದ ಈಗ ಅದರೊಳಗಿಂದಲೇ ಹೊರಡುತ್ತದೆ. ಅದರ ನಮೂನೆಗಳನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. ಅದಕ್ಕಾಗಿ ಸ್ಥಳೀಯಾಡಳಿತ ಇಲಾಖೆಗೂ ಕೆ-ಸ್ಮಾರ್ಟನ್ನು ರೂಪಿಸಿದ ಇನ್ಫರ್ಮೇಶನ್ ಕೇರಳ ಮಿಷನ್ನಿಗೂ ಸಮಿತಿಯ ನಿರ್ಣಯದ ಪ್ರತಿ ಹೋಗಲಿ, ಜೊತೆಗೆ ಸಿದ್ಧ ಕನ್ನಡ ಪಾಠವೂ ಹೋಗಲಿ. ಬರಿಯ ಬೇಡಿಕೆ ಕಡತದಲ್ಲಿ ಮಲಗುತ್ತದೆ. ಸಿದ್ಧ ಪಾಠ ಜೊತೆಗಿದ್ದರೆ ಅದನ್ನು ಸೇರಿಸುವುದಷ್ಟೇ ಕೆಲಸ. ಅದು ಆಗುವ ತನಕ ಅಚ್ಚಾದ ನೋಟೀಸಿನ ಬೆನ್ನಿಗೆ ಕನ್ನಡ ಪಾಠವನ್ನು ಅಚ್ಚು ಹಾಕಿ, ಅದಕ್ಕೂ ಮೊಹರು ಒತ್ತಿ ಕೊಡಿ.

ಪಂಚಾಯತ್ ಸಮಿತಿ ತಿಂಗಳಿಗೊಮ್ಮೆಯಾದರೂ ಸೇರುತ್ತದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದೊಂದು ವಿಷಯ ಇರಲಿ. ಆ ಸಭೆಯ ನೋಟೀಸು ಕನ್ನಡದಲ್ಲೂ ಫಲಕಕ್ಕೆ ಬೀಳಲಿ.

ಇತಿ,
ನಿಮ್ಮ ವಾರ್ಡುಗಳ ಕನ್ನಡ ಓದುವ ಮತದಾರರು